ಉಡುಗೆ ನಿಮ್ಮಿಷ್ಟ

ಸ್ವೀಡನ್ನಿನಲ್ಲಿ ಸಾವಿನ ಪ್ರಕಟಣೆಯ ಕೊನೆಗೆ ಉಡುಗೆಯ ಬಗ್ಗೆ ಒಂದು ಸಾಲು ಇರುವುದುಂಟು. ಬೀಳ್ಕೊಡಲು ಬರುವವರು ಕಪ್ಪು ತೊಟ್ಟೇ ಬರಬೇಕೋ, ತಿಳಿಬಣ್ಣವಾದರೂ ಆದೀತೋ ಎಂದು ತಿಳಿಸುವ ಸಾಲು. ಈ ಫೆಬ್ರವರಿಯ ಒಂದು ಬೆಳಿಗ್ಗೆ ದೋಸೆ ತಿನ್ನುತ್ತಾ ಫೋನಿನಲ್ಲಿ ಅಂಥದೊಂದು ಪ್ರಕಟಣೆ ಓದಿದೆ. ಜೂನಿನಲ್ಲಿ ಸಮುದ್ರದ ಬಂಡೆಯ ಬಳಿ ಸೇರಬೇಕೆಂದಿತ್ತು. ಕೆಳಗೆ ‘ಉಡುಗೆ ನಿಮ್ಮಿಷ್ಟ’ ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಅಳು ಬಂತು. ಎದುರು ಕೂತಿದ್ದ ಗಂಡ ದೋಸೆಯ ತುಂಡನ್ನು ಚಟ್ನಿಯಲ್ಲೇ ಬಿಟ್ಟು, ಎಂಥ ಆಯಿತೆಂದು ಕೇಳಿದ. ಫೋನು ಅವನ ಕಡೆ ತಿರುಗಿಸಿದೆ. ಓದಿ ಅವನೂ ನಕ್ಕ. ಬದುಕಿನ ಬೇಸಿಗೆಗಳನ್ನೆಲ್ಲ ಬಂಡೆಯ ಮೇಲೆ ಬರಿಮೈಯಲ್ಲಿ ಕಳೆದ ಹೆಂಗಸೊಬ್ಬರು ಹೋಗುವಾಗ ಹೇಳಿ ಹೋದ ಮಾತು ಅದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಂಡೆಯ ಮೇಲೆ ಕಂಡವರ ಹೆಸರನ್ನು ಊರಿನಲ್ಲಿ ಆಡಬಾರದೆಂಬುದು ಅವರ ಕ್ಲಬ್ಬಿನ ನಿಯಮ. ಇನ್ನು, ಸ್ವೀಡಿಷ್ ಭಾಷೆಯಲ್ಲಿ ಎಲ್ಲರಿಗೂ ಏಕವಚನ. ನಾನೂ ಅವರನ್ನು ಹಾಗೇ ಮಾತಾಡಿಸುತ್ತಿದ್ದೆ. ಆದರೆ ಕನ್ನಡದಲ್ಲಿ ಬರೆಯುವಾಗ ‘ಅವಳು’ ಎನ್ನಲು ಕೈ ಏಳುವುದಿಲ್ಲ. ಅಜ್ಜಿ ಎನ್ನೋಣವೆಂದರೆ ಬದುಕಿದ್ದಾಗ ಆ ಮಾತಿಗೆ ಕೆಂಡವಾಗುತ್ತಿದ್ದರು. ‘ಅವರು’ ಎಂದೇ ಇರಲಿ.

ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ನನಗೂ ಗಂಡನಿಗೂ ಕೆಲಸ. ನಾವು ಬಾಡಿಗೆಗೆ ಹಿಡಿದ ಮನೆ ಮೂರನೆಯ ಮಹಡಿಯಲ್ಲಿ, ಅವರದು ನೆಲಮಹಡಿಯಲ್ಲಿ. ಕಟ್ಟಡಕ್ಕೆಲ್ಲ ಒಂದೇ ಬಟ್ಟೆ ಒಗೆಯುವ ಕೋಣೆ, ಅದೂ ನೆಲದಡಿಯಲ್ಲಿ. ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ಯಾವುದಕ್ಕೂ ದನಿ ಏರಿಸದ ಈ ದೇಶದ ಜನ ಆ ಕೋಣೆಯ ಹೊತ್ತಿನ ವಿಷಯಕ್ಕೆ ಮಾತ್ರ ಕಾದಾಡುತ್ತಾರೆ. ನಾನು ಅಲ್ಲಿ ಅವರನ್ನು ಮೊದಲು ಕಂಡಾಗ ಅವರ ಬುಟ್ಟಿಯಲ್ಲಿ ಬರೀ ಟವೆಲುಗಳು. ಮುಂದಿನ ಸಲವೂ ಅಷ್ಟೇ. ಅಂಗಿಯಿಲ್ಲ, ಹಾಸಿಗೆ ಬಟ್ಟೆಯಿಲ್ಲ, ರಾಶಿ ರಾಶಿ ಟವೆಲು. ಮಸಾಜು ಅಂಗಡಿ ಇಟ್ಟಿರಬೇಕೆಂದು ನಾನು, ಇಲ್ಲ ಹೋಟೆಲಿನ ಕಾಂಟ್ರಾಕ್ಟೆಂದು ನನ್ನ ಗಂಡ. ಕೊನೆಗೆ ಅವರೇ ನನ್ನ ಬುಟ್ಟಿಯನ್ನು ಇಣುಕಿ ನೋಡಿ, ‘ನಿನ್ನ ಬಟ್ಟೆ ಜಾಸ್ತಿ, ನನ್ನ ಟವೆಲು ಕಡಿಮೆ, ಇಬ್ಬರೂ ಒಂದೇ ಹೊತ್ತು ಹಿಡಿಯೋಣ’ ಎಂದರು. ಅದು ಕೇಳಿದ್ದಲ್ಲ, ಹೇಳಿದ್ದು. ಅವತ್ತಿನಿಂದ ವಾರಕ್ಕೊಮ್ಮೆ ಯಂತ್ರದ ಎದುರು ನಮ್ಮಿಬ್ಬರ ಮಾತುಕತೆ ಶುರುವಾಯಿತು.

ಅವರು ದ್ವೀಪಗಳಿಗೆ ಹೋಗಿಬರುವ ಫೆರಿಯ ಕ್ಯಾಪ್ಟನ್ ಆಗಿದ್ದವರು. ಕೆಲಸದ ಕಾಲವೆಲ್ಲ ಕುತ್ತಿಗೆಯವರೆಗೆ ಗುಂಡಿ ಹಾಕಿದ ಸಮವಸ್ತ್ರದಲ್ಲಿದ್ದವರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ, ಏನಾದರೂ ಕೇಳಿದರೆ ಮೊದಲು ಕಿಟಕಿಯ ಕಡೆ ನೋಡಿ ಎದುರುಮನೆಯ ಬಾವುಟ ಯಾವ ದಿಕ್ಕಿಗೆ ಹಾರುತ್ತಿದೆಯೆಂದು ಗಮನಿಸಿ ಆಮೇಲೆ ಉತ್ತರ ಕೊಡುತ್ತಿದ್ದರು. ಒಪ್ಪಿಗೆಯಾದರೆ ‘ಸರಿ’ ಎನ್ನುತ್ತಿರಲಿಲ್ಲ, ‘ಹೊರಡೋಣ’ ಎನ್ನುತ್ತಿದ್ದರು. ಕಾಫಿ ಬೇಕೇ ಎಂದು ಕೇಳಿದರೂ ‘ಹೊರಡೋಣ’. ನಗು ಬಂದರೆ ಬಾಯಿ ತೆರೆಯುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಟವೆಲುಗಳ ಗುಟ್ಟನ್ನು ಅವರು ಒಂದಿಷ್ಟೂ ದನಿ ತಗ್ಗಿಸದೆ ಹೇಳಿದರು. ನಮ್ಮ ಅತ್ತಿಗೆ ಭಜನಾ ಮಂಡಳಿಯ ಬಗ್ಗೆ ಹೇಳುತ್ತಾರಲ್ಲ, ಅದೇ ಧಾಟಿ. ಊರಾಚೆ ಸಮುದ್ರಕ್ಕೆ ಚಾಚಿದ ಒಂದು ಬಂಡೆ, ಅದರ ಮೇಲೊಂದು ಮರದ ಬಸ್ತು, ಅಂದರೆ ಹಬೆಕೋಣೆ. ಗಂಡಸರು, ಹೆಂಗಸರು ಅಲ್ಲಿ ಬಟ್ಟೆಯಿಲ್ಲದೆ ಬೆವರಿ, ತಣ್ಣೀರಿಗೆ ಇಳಿದು, ಬಿಸಿಲಿಗೆ ಕೂತು, ಫಿಕಾ ಎನ್ನುವ ಕಾಫಿ-ತಿಂಡಿ ಮುಗಿಸಿ ಮನೆಗೆ ಹೋಗುತ್ತಾರೆ. ಅಷ್ಟೇ. ದಿಟ್ಟಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಏನು ಕೆಲಸವೆಂದು ವಿಚಾರಿಸುವಂತಿಲ್ಲ, ಟವೆಲು ಹಾಸದೆ ಎಲ್ಲೂ ಕೂರುವಂತಿಲ್ಲ. ಮರೆತು ಬಂದವರಿಗಾಗಿ ಇವರು ಒಂದು ಕಟ್ಟು ಟವೆಲು ಒಗೆದು ಇಟ್ಟಿರುತ್ತಿದ್ದರು. ಕೇಳುತ್ತಿದ್ದ ನನಗೆ ಮುಖವನ್ನು ಎಲ್ಲಿಡಲೆಂದು ತಿಳಿಯಲಿಲ್ಲ. ಮರುವಾರ ಊರಿಂದ ತಂದಿದ್ದ ಒಂದು ಬೈರಾಸನ್ನು ಅವರಿಗೆ ಕೊಟ್ಟೆ. ಹೆಗಲಿಗೆ ಹಾಕಿಕೊಳ್ಳುವ ಆ ತೆಳ್ಳನೆಯ ಬಟ್ಟೆ ಕ್ಷಣದಲ್ಲಿ ಒಣಗುವುದನ್ನು ನೋಡಿ, ಇಷ್ಟು ಬುದ್ಧಿವಂತ ಟವೆಲನ್ನು ಮಾಡುವ ಜನ ಉಳಿದ ಹೊತ್ತು ಯಾಕೆ ಇಷ್ಟೊಂದು ಬಟ್ಟೆ ಸುತ್ತಿಕೊಳ್ಳುತ್ತೀರಿ ಎಂದು ಕೇಳಿದರು.

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಹೇಳಲಿಲ್ಲ. ನನಗೆ ತೊನ್ನು ಇದೆ. ಭುಜಗಳ ಮೇಲೆ, ಬೆನ್ನಿನ ಮೇಲೆ, ಎರಡೂ ತೋಳುಗಳಲ್ಲಿ. ನಮ್ಮ ಕಾರ್ಕಳದ ಮನೆಯಲ್ಲಿ ಆ ಪದವನ್ನು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಅಮ್ಮ ಅಂತೂ ಅದಿಲ್ಲವೆಂಬಂತೆಯೇ ಇದ್ದಳು. ಮಾತಾಡುವುದರ ಬದಲು ಹೊಲಿಗೆ ಯಂತ್ರದ ಮುಂದೆ ಕೂತು ನನ್ನ ರವಿಕೆಗಳ ತೋಳನ್ನು ಉದ್ದ ಮಾಡುತ್ತಾ ಹೋದಳು. ಸ್ವೀಡನ್ನಿನ ಜುಲೈ ತಿಂಗಳಲ್ಲೂ ನಾನು ಮಣಿಕಟ್ಟಿನವರೆಗೆ ಮುಚ್ಚಿಕೊಂಡೇ ತಿರುಗುವವಳು. ಒಂದು ದಿನ ಒಗೆಯುವ ಯಂತ್ರ ಕೆಟ್ಟು ನೀರು ಹೊರಗೆ ಬಂದಾಗ ಯೋಚಿಸದೆ ತೋಳು ಮಡಚಿಬಿಟ್ಟೆ. ಅವರು ನೋಡಿದರು. ನೋಡಿದವರು ಒಂದೋ ತಟ್ಟನೆ ಬೇರೆ ಕಡೆ ತಿರುಗುತ್ತಾರೆ, ಇಲ್ಲವೇ ಅಯ್ಯೋ ಪಾಪ ಎನ್ನುತ್ತಾರೆ. ಇವೆರಡೇ ನನಗೆ ಗೊತ್ತಿದ್ದದ್ದು. ಅವರು ಕನ್ನಡಕ ಏರಿಸಿಕೊಂಡು ನನ್ನ ಕೈಯನ್ನು ಬೆಳಕಿಗೆ ಹಿಡಿದು, ‘ಇದು ನಮ್ಮ ದ್ವೀಪಗಳ ನಕ್ಷೆ ಇದ್ದಂತಿದೆ’ ಎಂದರು. ಮೊಣಕೈಯ ಹತ್ತಿರದ ಎರಡು ಬಿಳಿ ಮಚ್ಚೆಗಳ ನಡುವೆ ಬೆರಳಿಟ್ಟು, ಇಲ್ಲಿ ಫೆರಿಯನ್ನು ನಿಧಾನಕ್ಕೆ ಬಿಡಬೇಕು, ಕೆಳಗೆ ಬಂಡೆಯಿದೆ ಎಂದರು. ಆಮೇಲೆ ನೆಲ ಒರೆಸಲು ಟವೆಲು ತಂದರು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಹಾಗೂ ನೋಡಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಒಂದು ಮಾರ್ಚಿನಲ್ಲಿ ಅವರು ತಮ್ಮ ಕ್ಲಬ್ಬಿನ ವಾರ್ಷಿಕ ಸಭೆಗೆ ಬರಬೇಕೆಂದು ನನಗೆ ಹೇಳಿದರು. ಬಂಡೆ ಕೊಮ್ಮೂನಿನದು, ಎಂದರೆ ನಮ್ಮ ಪುರಸಭೆಯಂಥದ್ದು, ಅದರ ಸ್ವತ್ತು. ಗುತ್ತಿಗೆ ಆ ಶರತ್ಕಾಲಕ್ಕೆ ಮುಗಿಯುವುದಿತ್ತು. ಬಳಸುವ ಜನ ಇದ್ದರೆ ಮುಂದುವರಿಸುತ್ತೇವೆ, ಇಲ್ಲದಿದ್ದರೆ ಬಸ್ತುವನ್ನು ಕೆಡವಿ ಜಾಗವನ್ನು ದೋಣಿಯವರಿಗೆ ಕೊಡುತ್ತೇವೆ ಎಂದಿದ್ದರು. ಸದಸ್ಯರೆಲ್ಲ ಎಪ್ಪತ್ತು ದಾಟಿದವರು. ಪ್ರತಿ ಚಳಿಗಾಲಕ್ಕೆ ಒಬ್ಬಿಬ್ಬರು ಹೋಗುತ್ತಿದ್ದರು, ಹೊಸಬರು ಯಾರೂ ಬರುತ್ತಿರಲಿಲ್ಲ. ಇವರಿಗೆ ಮಕ್ಕಳಿಲ್ಲ, ಮದುವೆಯಿಲ್ಲ. ಇದ್ದದ್ದು ಆ ಬಂಡೆ. ಹೊರಗಿನವಳಾಗಿ, ಪ್ರಾಯದಲ್ಲಿ ಚಿಕ್ಕವಳಾಗಿ ನಿನಗೆ ಏನು ತೋಚುತ್ತದೋ ಹೇಳು ಎಂದರು. ನಲವತ್ತು ದಾಟಿದ ನನ್ನನ್ನು ಚಿಕ್ಕವಳೆಂದು ಕರೆಯುವ ಸಂಘ ಅದೊಂದೇ.

‘ಹೋಗು ಹೋಗು, ಸೀರೆ ಮಾತ್ರ ಉಟ್ಕೊಂಡು ಹೋಗ್ಬೇಡ, ಬಿಚ್ಚುವಷ್ಟರಲ್ಲಿ ಮೀಟಿಂಗ್ ಮುಗೀತದೆ’ ಎಂದ ನನ್ನ ಗಂಡ. ಅವನನ್ನು ಬೈದು ಹೊರಟೆ. ಗ್ರಂಥಾಲಯದ ಪಕ್ಕದ ಕೋಣೆಯ ಬಾಗಿಲು ತೆರೆದವಳು ಕಣ್ಣನ್ನು ನೆಲಕ್ಕೆ ನೆಟ್ಟುಬಿಟ್ಟೆ. ನೆಲದ ಮೇಲೆ ಉಣ್ಣೆಯ ಕಾಲುಚೀಲಗಳು ಕಂಡವು. ಸ್ವಲ್ಪ ಮೇಲಕ್ಕೆ ದಪ್ಪ ಪ್ಯಾಂಟುಗಳು. ಇನ್ನೂ ಮೇಲಕ್ಕೆ ಕುತ್ತಿಗೆ ಮುಚ್ಚುವ ಸ್ವೆಟರುಗಳು. ಒಬ್ಬಾಕೆ ಟೋಪಿಯನ್ನೂ ತೆಗೆದಿರಲಿಲ್ಲ. ಹೊರಗೆ ಹಿಮ ಬೀಳುವಾಗ ಬಟ್ಟೆಯಿಲ್ಲದೆ ಸಭೆ ಮಾಡುತ್ತಾರೆಂದು ನಂಬಿ ಬಂದ ಹೆಡ್ಡಿ ನಾನೊಬ್ಬಳೇ. ಅವರು ನನ್ನ ಮುಖ ನೋಡಿದ್ದೇ ಎಲ್ಲ ಅರ್ಥ ಮಾಡಿಕೊಂಡರು. ಭುಜ ಕುಣಿಯಿತು. ಆದರೆ ಯಾರಿಗೂ ಹೇಳಿಕೊಡಲಿಲ್ಲ, ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಅಧ್ಯಕ್ಷರು ಬಿಳಿ ಗಡ್ಡದ ನಿವೃತ್ತ ಮೇಷ್ಟರು, ಪ್ರಾಯದಲ್ಲಿ ಇವರ ಜೊತೆ ಸೇರಿ ಕ್ಲಬ್ಬು ಕಟ್ಟಿದವರು. ಈಗಿನ ಯುವಜನ ಫೋನಿನಲ್ಲಿ ಅರ್ಧ ಬಟ್ಟೆಯ ಚಿತ್ರ ಹಾಕಿಕೊಳ್ಳುತ್ತಾರೆ, ಇಲ್ಲಿಗೆ ಬರಲು ಮಾತ್ರ ನಾಚಿಕೆಯೇ ಎಂದು ಗುಡುಗಿದರು. ಎಲ್ಲರೂ ತಲೆಯಾಡಿಸಿದರು. ಇವರು ಕಿಟಕಿಯಾಚೆ ಗಾಳಿ ನೋಡಿ, ‘ಅವರನ್ನು ಯಾರಾದರೂ ಕೇಳಿದ್ದೀರಾ?’ ಎಂದರು. ಯಾರೂ ಕೇಳಿರಲಿಲ್ಲ.

ನನಗೆ ಗೊತ್ತಿದ್ದ ಯುವಜನವೆಂದರೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಧಾರವಾಡದ ಹುಡುಗಿಯೊಬ್ಬಳು. ಕನ್ನಡ ಕೂಟದಲ್ಲಿ ಬೆಂಗಳೂರಿನವರ ಹಾಗೆ ಮಾತಾಡುವವಳು, ಬಿಸಿಯೇರಿದರೆ ಧಾರವಾಡಕ್ಕೆ ಹಾರುವವಳು. ಬನ್ಸ್ ಕರಿದು ಅವಳನ್ನೂ ಇವರನ್ನೂ ನಮ್ಮ ಅಡುಗೆಮನೆಯಲ್ಲಿ ಕೂರಿಸಿದೆ. ಹುಡುಗಿ ಮೊದಲು ಇಂಗ್ಲಿಷಿನಲ್ಲಿ ನಯವಾಗಿ ಏನೇನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಅವರ ಕಾಲದಾಗ ನೋಡಿದವರು ಮರೀತಿದ್ರು ಅಕ್ಕಾ. ಈಗ ಫೋನು ಮರಿಯಂಗಿಲ್ಲ. ಮತ್ತ ಬಂದ ದಿನಾನ ಎಲ್ಲಾ ಬಿಚ್ಚರಿ ಅಂದ್ರ ಯಾರು ಬರ್ತಾರ? ಪರೀಕ್ಷಾಕ್ಕ ಕೂತಂಗ ಆಗತದ’ ಎಂದಳು. ಅನುವಾದಿಸಿದೆ. ಅವರು ಒಂದು ಬನ್ಸನ್ನು ಮುರಿದರು. ತಮ್ಮವರನ್ನು ಸಮರ್ಥಿಸಿಕೊಳ್ಳುತ್ತಾರೆಂದು ಕಾದೆ. ಅವರು ಕೇಳಿದ್ದು ಬೇರೆ: ನಿಮ್ಮ ಊರಲ್ಲಿ ಬರಿಮೈಯವರನ್ನು ಜನ ಹೇಗೆ ನೋಡುತ್ತಾರೆ?

ನಾನು ಗೊಮ್ಮಟನ ಬಗ್ಗೆ ಹೇಳಿದೆ. ಕಾರ್ಕಳದ ಬಂಡೆಗುಡ್ಡದ ಮೇಲೆ ನಿಂತ ಅಷ್ಟೆತ್ತರದ ಕಲ್ಲಿನ ಮನುಷ್ಯ, ಮೈಮೇಲೆ ನೂಲಿನೆಳೆಯಿಲ್ಲ. ಶಾಲೆಯಿಂದ ಸಾಲಾಗಿ ಹೋಗುತ್ತೇವೆ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ, ಕತ್ತೆತ್ತಿ ನೋಡಿ ಕೈಮುಗಿದು ಬರುತ್ತೇವೆ. ಯಾರೂ ನಾಚುವುದಿಲ್ಲ.

‘ಅವನ ಮುಂದೆ ನಿಂತ ಜನ ಏನು ತೊಟ್ಟಿರುತ್ತಾರೆ?’

‘ಸೀರೆ, ಪಂಚೆ, ಜೀನ್ಸು, ಇದ್ದದ್ದೆಲ್ಲ.’

‘ನೀವೂ ಬಿಚ್ಚಿ ಬನ್ನಿ ಎಂದು ಅವನು ಹೇಳುವುದಿಲ್ಲವೇ?’

ಇಲ್ಲ, ಸುಮ್ಮನೆ ನಿಂತಿರುತ್ತಾನೆ ಎಂದೆ. ಅವರು ಎದ್ದು ಕಿಟಕಿಯ ಬಳಿ ಹೋದರು. ಆ ಗುಡ್ಡವನ್ನು ನೋಡುತ್ತಲೇ ಬೆಳೆದವಳು ನಾನು. ಅವನು ಯಾರಿಗೂ ಏನೂ ಹೇಳುವುದಿಲ್ಲ ಎಂಬುದನ್ನು ಅವತ್ತಿನವರೆಗೆ ಗಮನಿಸಿದ್ದೇ ಇಲ್ಲ.

ಏಪ್ರಿಲಿನಲ್ಲಿ ಮತ್ತೆ ಸಭೆ ಸೇರಿತು. ಬುಧವಾರದ ಸಂಜೆಗಳನ್ನು ಹೊಸಬರಿಗೆಂದು ಬಿಡೋಣ, ಬಟ್ಟೆ ಅವರಿಷ್ಟ, ಫೋನುಗಳು ಮಾತ್ರ ಬಾಗಿಲಲ್ಲೇ ಪೆಟ್ಟಿಗೆಗೆ ಹೋಗಬೇಕು, ಬೀಗದ ಕೈ ನನ್ನ ಹತ್ತಿರ ಎಂದು ಅವರು ಹೇಳಿದರು. ಬಂಡೆಯ ಮೇಲೆ ಚಡ್ಡಿ ಹಾಕಿಕೊಂಡು ಬಂದ ಮಂತ್ರಿಯೊಬ್ಬನನ್ನು ವಾಪಸು ಕಳಿಸಿದವರೆಂದು ಅವರ ಬಗ್ಗೆ ಕತೆಯಿತ್ತು, ನಿಜವೋ ಸುಳ್ಳೋ. ಆ ನಿಯಮವನ್ನು ಬರೆದವರೇ ಅದನ್ನು ಮುರಿಯಲು ನಿಂತಿದ್ದರು.

‘ಹಾಗಾದರೆ ಅದು ಎಲ್ಲದರಂತೆ ಇನ್ನೊಂದು ಬೀಚು’ ಎಂದರು ಅಧ್ಯಕ್ಷರು.

‘ಈ ಹುಡುಗಿಯ ಊರಿನ ಗುಡ್ಡದ ಮೇಲೆ ಒಬ್ಬ ಬರಿಮೈಯಲ್ಲಿ ನಿಂತಿದ್ದಾನಂತೆ’ ಎಂದರು ಅವರು ನನ್ನನ್ನು ತೋರಿಸಿ. ‘ನೂರಾರು ವರ್ಷವಾಯಿತು. ಯಾರಿಗೂ ಬಟ್ಟೆ ಬಿಚ್ಚಿ ಎಂದವನಲ್ಲ. ಜನ ಇನ್ನೂ ಬರುತ್ತಿದ್ದಾರೆ.’

ಕೈ ಎತ್ತಿಸಿದಾಗ ಅವರ ಮಾತು ಕೂದಲೆಳೆಯಲ್ಲಿ ಗೆದ್ದಿತು. ಅಧ್ಯಕ್ಷರು ಎದ್ದು ಬಸ್ತುವಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಅವರು ಕರೆಯಲಿಲ್ಲ. ದಾರಿಯಲ್ಲಿ ಮನೆಗೆ ಬರುವಾಗ, ಬಂಡೆ ಉಳಿಯಬೇಕಾದರೆ ಯಾರಿಗಾದರೂ ನೋವಾಗಲೇಬೇಕಿತ್ತು, ಅವನಿಗಾಯಿತು, ಇನ್ನು ನನ್ನ ಸರದಿ ಎಂದರು. ಅದರ ಅರ್ಥ ತಿಳಿದದ್ದು ಮೇ ತಿಂಗಳಲ್ಲಿ, ಅವರು ನನ್ನನ್ನು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದಾಗ. ಅವರಿಗೆ ಒಂದು ಈಜುಡುಗೆ ಬೇಕಾಗಿತ್ತು.

ಗೊಮ್ಮಟ ಹಾಗೇ ನಿಂತಿರುತ್ತಾನಲ್ಲ ಎಂದೆ. ‘ಅವನು ಕಲ್ಲು’ ಎಂದರು. ಬಟ್ಟೆ ತೊಟ್ಟ ಎಳೆಯರ ನಡುವೆ ತಾನೊಬ್ಬಳು ಬರಿಮೈಯಲ್ಲಿ ಕೂತರೆ ಅವರಿಗೆ ಕಣ್ಣು ಎಲ್ಲಿಡಬೇಕೆಂದು ತಿಳಿಯುವುದಿಲ್ಲ ಎಂಬುದು ಅವರ ವಾದ. ಅಂಗಡಿಯಲ್ಲಿ ಅವರ ಪಾಡು ನೋಡಬೇಕಿತ್ತು. ಬಿರುಗಾಳಿಯಲ್ಲಿ ಫೆರಿ ನಡೆಸಿದ ಹೆಂಗಸು ಪರದೆಯ ಹಿಂದಿನಿಂದ, ಇದರಲ್ಲಿ ಕೈ ಎಲ್ಲಿ ಹಾಕಬೇಕು, ಕಾಲು ಎಲ್ಲಿ ಹಾಕಬೇಕು ಎಂದು ನನ್ನನ್ನು ಕೂಗಿ ಕೇಳಿದರು. ಹುಡುಗಿಯಾಗಿದ್ದಾಗ ತೊಟ್ಟದ್ದೇ ಕೊನೆಯಂತೆ. ಕನ್ನಡಿಯ ಮುಂದೆ ಬಂದು ನಿಂತವರು ಎರಡೂ ಕೈಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡರು. ಅವರು ಹಾಗೆ ಕೈಕಟ್ಟಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು.

ಮೊದಲ ಬುಧವಾರ ಯಾರೂ ಬರಲಿಲ್ಲ. ಬೆಂಕಿ ಹಾಕಿ ಬಸ್ತು ಕಾಯಿಸಿ, ಕಾಫಿಯ ಫ್ಲಾಸ್ಕ್ ತುಂಬಿ, ನಾನೂ ಅವರೂ ಸಂಜೆಯಿಡೀ ಕೂತು ಮನೆಗೆ ಬಂದೆವು. ಮುಂದಿನ ಬುಧವಾರ ಧಾರವಾಡದ ಹುಡುಗಿ ತನ್ನ ಲ್ಯಾಬಿನ ಒಂದಿಷ್ಟು ಜನರನ್ನು ಎಳೆದು ತಂದಳು. ಬೇರೆ ಬೇರೆ ದೇಶದವರು, ಈಜುಡುಗೆಯ ಮೇಲೆ ಟವೆಲು, ಅದರ ಮೇಲೆ ಜಾಕೆಟ್ಟು. ಫೋನುಗಳನ್ನು ಪೆಟ್ಟಿಗೆಗೆ ಹಾಕಿ, ಕೈ ಖಾಲಿಯಾದದ್ದಕ್ಕೆ ಏನು ಮಾಡಬೇಕೆಂದು ತಿಳಿಯದೆ ಸಾಲಾಗಿ ಕೂತರು. ಎದುರಿಗೆ ಅವರು. ಪಟ್ಟಿಯನ್ನು ಎಳೆದುಕೊಳ್ಳುತ್ತಿದ್ದರು, ತೊಡೆಯ ಹತ್ತಿರ ಸರಿಮಾಡಿಕೊಳ್ಳುತ್ತಿದ್ದರು, ಬೈರಾಸನ್ನು ಹೆಗಲಿಗೆ ಹಾಕಿ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದರು. ನಿಮಗೆ ಆರಾಮಿಲ್ಲವೇ ಎಂದು ಹುಡುಗಿ ಕೇಳಿಯೇಬಿಟ್ಟಳು.

‘ಇಲ್ಲ’ ಎಂದರು. ‘ನಿನಗೆ?’

‘ನನಗೂ ಇಲ್ಲ.’

‘ಬಂದವರಿಗೆಲ್ಲ ನಾಚಬೇಡಿ ಎಂದು ಇಲ್ಲಿ ಐವತ್ತು ಬೇಸಿಗೆ ಹೇಳಿದೆ. ಅವರಿಗೆ ಹೇಗಾಗುತ್ತಿತ್ತೆಂದು ನನಗೇ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು.’

ಆ ಮಾತಿಗೆ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಅವರ ಭುಜವೂ ಕುಣಿಯಿತು. ನನಗೆ ನಗು ಬರಲಿಲ್ಲ. ಎಪ್ಪತ್ತೆಂಟರ ಪ್ರಾಯದಲ್ಲಿ, ತನಗೆ ಗೊತ್ತೇ ಇರದ ಒಂದು ಸಂಕೋಚವನ್ನು ಅಂಗಡಿಯಿಂದ ಕೊಂಡು ತಂದು ಮೈಮೇಲೆ ಹಾಕಿಕೊಂಡು ಕೂತ ಆ ಹೆಂಗಸನ್ನು ನೋಡುತ್ತಾ ಬೆರಗಾಗಿ ಕೂತೆ. ಎಷ್ಟೋ ದೊಡ್ಡವರನ್ನು ನೋಡಿದ್ದೇನೆ. ಎದುರಿನವರ ಅಂಜಿಕೆಯನ್ನು ತಿಳಿಯಲು ತಾನೇ ಅಂಜಿಕೆಗೆ ಇಳಿದವರನ್ನು ಬೇರೆ ಯಾರನ್ನೂ ನೋಡಿಲ್ಲ. ಅವತ್ತು ಯಾರೂ ಬಟ್ಟೆ ಬಿಚ್ಚಲಿಲ್ಲ. ಬೆವರಿದರು, ಕಿರುಚುತ್ತಾ ನೀರಿಗಿಳಿದರು, ಬನ್ನು ತಿಂದರು, ಪೆಟ್ಟಿಗೆಯಿಂದ ಫೋನು ತೆಗೆದುಕೊಳ್ಳಲು ಇಬ್ಬರು ಮರೆತೇಬಿಟ್ಟರು. ಆಮೇಲಿನ ಬುಧವಾರಗಳಲ್ಲಿ ಜನ ಹೆಚ್ಚಿದರು. ಕೆಲವರು ಬರಿಮೈಯಾದರು, ಕೆಲವರು ಕೊನೆಯವರೆಗೂ ಆಗಲಿಲ್ಲ. ಅವರು ಒಮ್ಮೆಯೂ ಕೇಳಲಿಲ್ಲ. ನನ್ನ ವಿಷಯ ಹೇಳುವುದಾದರೆ, ಜುಲೈಯಲ್ಲೊಂದು ದಿನ ತೋಳಿಲ್ಲದ ಈಜುಡುಗೆ ತೊಟ್ಟು ಬಂಡೆಗೆ ಬಂದೆ. ಯಾರೂ ಏನೂ ಅನ್ನಲಿಲ್ಲ. ಧಾರವಾಡದವಳು ನೀರಿನಿಂದಲೇ, ‘ಲಗೂನ ಬರ್ರಿ ಅಕ್ಕಾ, ನಿಂತಷ್ಟೂ ಥಂಡಿ ಹತ್ತತದ’ ಎಂದಳು. ಇಳಿದೆ.

ಆಗಸ್ಟಿನ ಕೊನೆಗೆ ಅಧ್ಯಕ್ಷರು ಬಂದರು. ಕದ್ದು ನೋಡಲು ಬಂದಿದ್ದರೋ ಏನೋ, ಅದು ಬುಧವಾರವೇ. ಬಂಡೆಯ ತಿರುವಿನಲ್ಲಿ ಈಜುಡುಗೆ ತೊಟ್ಟು ಕಾಫಿ ಬಗ್ಗಿಸುತ್ತಿದ್ದ ಅವರನ್ನು ಕಂಡವರೇ ಆ ಮುದುಕರು ಕಿವಿಯವರೆಗೆ ಕೆಂಪಾಗಿ ಮುಖ ತಿರುಗಿಸಿಕೊಂಡರು. ಆ ಜಾಗದಲ್ಲಿ ಅವರನ್ನು ಬಟ್ಟೆಯಲ್ಲಿ ನೋಡಿದ್ದು ಅದೇ ಮೊದಲು. ನೋಡಬಾರದ್ದನ್ನು ನೋಡಿದವರಂತೆ ಸಮುದ್ರದ ಕಡೆ ನಿಂತೇ ಇದ್ದರು. ಇವರು ಇನ್ನೊಂದು ಲೋಟ ಕಾಫಿ ಬಗ್ಗಿಸಿ ಪಕ್ಕದಲ್ಲಿಟ್ಟು, ಒಂದು ಟವೆಲು ಹಾಸಿದರು. ಕೊನೆಗೆ ಮುದುಕರು ಬಂದು ಕೂತರು. ಅಕ್ಟೋಬರಿನಲ್ಲಿ ಕೊಮ್ಮೂನಿನವರು ಗುತ್ತಿಗೆ ಮುಂದುವರಿಸಿದರು. ಸುದ್ದಿ ಹೇಳಿದಾಗ ಅವರು ಕಿಟಕಿಯ ಕಡೆ ನೋಡಿ ‘ಹೊರಡೋಣ’ ಎಂದರು. ಮುಂದಿನ ಬೇಸಿಗೆಯನ್ನೂ ಅವರು ಬಂಡೆಯ ಮೇಲೆಯೇ ಕಳೆದರು, ಬುಧವಾರ ಈಜುಡುಗೆ, ಉಳಿದ ದಿನ ಎಂದಿನಂತೆ. ಈ ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದರು.

ಜೂನಿನಲ್ಲಿ ಬಂಡೆಯ ಬಳಿ ಸೇರಿದೆವು. ಉಡುಗೆ ನಿಮ್ಮಿಷ್ಟ ಎಂದಿದ್ದಕ್ಕೆ ಒಬ್ಬೊಬ್ಬರು ಒಂದೊಂದು ಬಗೆ. ಅಧ್ಯಕ್ಷರು ಕಪ್ಪು ಸೂಟು, ಬಿಳಿ ಟೈ, ಇಲ್ಲಿ ತೀರ ಹತ್ತಿರದವರು ಹೋದಾಗ ಕಟ್ಟುವಂಥದು. ಹಳೆಯ ಗೆಳತಿಯ ಬೂದಿಯನ್ನು ನೀರಿಗೆ ಬಿಟ್ಟ ಮೇಲೆ ಟೈಯಿಂದ ಹಿಡಿದು ಕಾಲುಚೀಲದವರೆಗೆ ಎಲ್ಲವನ್ನೂ ಮಡಚಿ ಬಂಡೆಯ ಮೇಲಿಟ್ಟು ಸಮುದ್ರಕ್ಕಿಳಿದರು. ಕೆಲವರು ಹಾಗೇ ಹಿಂಬಾಲಿಸಿದರು, ಕೆಲವರು ಬಟ್ಟೆಯಲ್ಲೇ. ನಾನು ಸೀರೆ ಉಟ್ಟು ಹೋಗಿದ್ದೆ. ಗಾಳಿ ತೋಳಿಗೆ ಬಡಿಯುತ್ತಿತ್ತು.

ಆ ಸೀರೆಗೆ ರವಿಕೆ ಹೊಲಿದವಳು ಅಮ್ಮ. ಮಾರ್ಚಿನಲ್ಲಿ ಫೋನು ಮಾಡಿದಾಗ ಎಂದಿನಂತೆ, ತೋಳು ಎಷ್ಟು ಉದ್ದ ಇಡುವುದೆಂದು ಕೇಳಿದಳು.

‘ತೋಳು ಬೇಡಮ್ಮ’ ಎಂದೆ.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಆಮೇಲೆ ಅವಳು, ನನ್ನ ಈ ಪ್ರಾಯದವರೆಗೆ ಒಮ್ಮೆಯೂ ಬಾಯಲ್ಲಿ ತರದಿದ್ದ ಮಾತನ್ನು ತೀರ ಸಾಮಾನ್ಯ ದನಿಯಲ್ಲಿ ಆಡಿದಳು: ‘ಅಲ್ಲಿ ಬಿಸಿಲು ಜೋರು ಉಂಟಂತೆ. ಆ ಬಿಳಿ ಜಾಗ ಬೇಗ ಸುಡ್ತದೆ ಮಗಾ. ಕ್ರೀಮು ಹಚ್ಚಿಕೊಂಡು ಹೋಗು.’